ಎದುರುಮನೆಯ ಟ್ರಂಕು

ಟಾರ್ಪಾಲಕ್ಕನ ಕೈ ನೋಡಿದವರಿಗೆ ಅವಳ ಕಸುಬು ಏನೆಂದು ಹೇಳಬೇಕಾಗಿರಲಿಲ್ಲ. ಬಲಗೈಗೆ ಸದಾ ಒಂದು ತೊಗಲಿನ ಪಟ್ಟಿ, ಅಂಗೈ ನಡುವೆ ಅದಕ್ಕೆ ಹೊಲಿದ ತಗಡಿನ ಬಿಲ್ಲೆ. ಲಾರಿಗೆ ಹೊದಿಸುವ ದಪ್ಪ ಟಾರ್ಪಾಲಿನೊಳಕ್ಕೆ ದಬ್ಬಳ ನೂಕುವುದು ಆ ಬಿಲ್ಲೆಯಿಂದ. ಊಟಕ್ಕೆ ಕೂತಾಗ ಮಾತ್ರ ಪಟ್ಟಿ ಬಿಚ್ಚಿ ತೊಡೆಯ ಕೆಳಗೆ ಇಟ್ಟುಕೊಳ್ಳುವಳು, ಯಾರೋ ಕದ್ದುಕೊಂಡು ಹೋಗಲು ಕಾದಿದ್ದಾರೆ ಎನ್ನುವ ಹಾಗೆ. ಅವಳ ಗಂಡ ಉಗ್ರಾಣವೊಂದರಲ್ಲಿ ಮೂಟೆ ತೂಗುವವನು, ಉಬ್ಬಸದ ಮನುಷ್ಯ, ಮಾತಿಗೊಮ್ಮೆ ನಗುವವನು. "ನನ್ನ ಕೈ ಹಿಡಿದ ದಿನಾನೂ ಇವಳು ಪಟ್ಟಿ ಬಿಚ್ಚಿರಲಿಲ್ಲ" ಎಂದು ಹೊಸಬರಿಗೆಲ್ಲ ಹೇಳುವನು.

ಅವರ ಓಣಿ ಇದ್ದದ್ದು ಹೊಳೆದಂಡೆಯ ದಿಬ್ಬದ ಮೇಲೆ. ಎಂದೋ ಮುಚ್ಚಿಹೋದ ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಎರಡು ಸಾಲು ಮನೆ, ಎದುರುಬದುರು, ನಡುವೆ ಒಂದು ಕೈಗಾಡಿ ಹೋಗುವಷ್ಟು ದಾರಿ. ಈ ಮನೆಯಲ್ಲಿ ಸೀನಿದರೆ ಎದುರುಮನೆಯಿಂದ "ನೆಗಡಿನಾ?" ಎಂದು ಕೇಳುವಷ್ಟು ಹತ್ತಿರ. ಅಂಗಡಿ, ಆಸ್ಪತ್ರೆ, ಕೆಲಸ ಎಲ್ಲ ಹೊಳೆಯ ಆಚೆ ದಡದಲ್ಲಿ. ನಡುವೆ ಒಂದೇ ಒಂದು ಕಬ್ಬಿಣದ ಸೇತುವೆ. ಹೊಳೆ ಉಕ್ಕಿದರೆ ಸೇತುವೆ ಮುಚ್ಚುತ್ತಿದ್ದರು. ನೀರು ದಿಬ್ಬ ಹತ್ತಿದ್ದು ಯಾರೂ ಕಂಡಿಲ್ಲ. ಆದರೆ ನೀರು ಇಳಿಯುವ ತನಕ ಓಣಿಯವರು ಇದ್ದರೋ ಸತ್ತರೋ ಕೇಳುವವರಿರಲಿಲ್ಲ.

ಹಿಂದೆ ಅಲ್ಲಿದ್ದದ್ದು ಎರಡು ಸಾಲಲ್ಲ, ನಾಲ್ಕು. ಟಾರ್ಪಾಲಕ್ಕನ ತವರು ಹಿಂದಿನ ಸಾಲಿನಲ್ಲಿ. ಮದುವೆಯಾಗಿ ಅವಳು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಳು, ಅಷ್ಟೇ ದಿಬ್ಬಣ. ಆ ವರ್ಷವೇ ಹೊಳೆ ಉಕ್ಕಿತು. ಸೇತುವೆ ಮುಚ್ಚಿತು. ಹಿಟ್ಟಿನ ಡಬ್ಬ ಬರಿದಾಗುವ ಹೊತ್ತಿಗೆ ಸರಿಯಾಗಿ ಗಿರಣಿ ಮಾಲೀಕರ ಕಚೇರಿಯಿಂದ ದೋಣಿ ಬಂತು. ಬನ್ನಿ, ಆಚೆ ದಡದಲ್ಲಿ ಅನ್ನ ಇದೆ, ನೀರಿಳಿದ ಮೇಲೆ ವಾಪಸ್ ಬರುವಿರಂತೆ ಎಂದರು. ಹಿಂದಿನ ಎರಡು ಸಾಲಿನವರು ಗಂಟು ಕಟ್ಟಿಕೊಂಡು ಹತ್ತಿದರು. ಅವಳ ಅಪ್ಪ, ಅಮ್ಮ, ಎಲ್ಲರೂ. ಮುಂದಿನ ಸಾಲುಗಳವರು ಹೋಗಲಿಲ್ಲ. ಅದು ಧೈರ್ಯಕ್ಕಲ್ಲ. ಅವಳ ಮಾವನ ಅಟ್ಟದ ಮೇಲೆ ಒಂದು ಮೂಟೆ ನುಚ್ಚು ಇತ್ತು, ಅದನ್ನು ಬೇಯಿಸಿ ಹಂಚಿಕೊಂಡು ಕೂತರು. ನೀರಿಳಿಯಿತು. ದೋಣಿ ಹತ್ತಿದವರು ಬಂದು ನೋಡಿದರೆ ಬಾಗಿಲಿಗೆ ಮಾಲೀಕರ ಬೀಗ, ಬೀಗದ ಮೇಲೆ ಕಾಗದ: ವಾಸಕ್ಕೆ ಯೋಗ್ಯವಲ್ಲ. ಬೇಸಿಗೆ ಬರುವಷ್ಟರಲ್ಲಿ ಗೋಡೆಗಳೂ ಇರಲಿಲ್ಲ. ಅವಳ ಅಮ್ಮ ಕಡೇತನಕ ಬಾಡಿಗೆ ಕೋಣೆಯಲ್ಲಿದ್ದಳು. ಇಲ್ಲದ ಮನೆಯ ಬೀಗದ ಕೈ ಅವಳ ದಿಂಬಿನ ಕೆಳಗೇ ಇತ್ತು.

ಹೊಳೆ ಕೆಡವಲಿಲ್ಲ ಆ ಮನೆಗಳನ್ನು, ಹಸಿವು ಕೆಡವಿತು. ಟಾರ್ಪಾಲಕ್ಕ ಇದನ್ನು ಒಂದು ಸಲ ತಿಳಿದುಕೊಂಡಳು, ಮತ್ತೆ ಮರೆಯಲಿಲ್ಲ. ಅವಳ ಲೆಕ್ಕದಲ್ಲಿ ಮನೆಗೆ ಅಡಿಪಾಯ ಕಲ್ಲಲ್ಲ, ಅಟ್ಟದ ಮೇಲಿನ ಮೂಟೆ.

ಓಣಿಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಅವಳು ಪ್ರತಿ ಮನೆಗೂ ಹೋಗಿ, ಸೇತುವೆ ಮುಚ್ಚಿದ ಕಾಲಕ್ಕೆಂದು ಒಂದೊಂದು ತಗಡಿನ ಟ್ರಂಕು ತುಂಬಿಡಿ ಎಂದಳು. ಅಕ್ಕಿ, ಬೇಳೆ, ಉಪ್ಪು, ಸಕ್ಕರೆ, ಬೆಂಕಿಪೊಟ್ಟಣ, ಮೇಣದ ಬತ್ತಿ, ಒಂದು ಜೊತೆ ಒಣಬಟ್ಟೆ. ಮೂಲೆಮನೆಯ ಕ್ಷೌರಿಕ, ಕತ್ತರಿಗಿಂತ ನಾಲಗೆ ಚುರುಕಾದವನು, "ಅಕ್ಕ, ಪ್ರಳಯ ಯಾವ ವಾರ ಇಟ್ಕೊಂಡಿದ್ದೀಯ? ಭಾನುವಾರ ಬೇಡ, ನನಗೆ ಗಿರಾಕಿ ಜಾಸ್ತಿ" ಎಂದ. ಆದರೂ ತುಂಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಒಂದೊಂದೇ ಟ್ರಂಕು ತೆರೆಸಿ ನೋಡಿದರೆ ಒಂದರಲ್ಲೂ ಕಾಳಿಲ್ಲ. ಒಬ್ಬಳ ಮನೆಗೆ ತವರಿನ ನೆಂಟರು ಬಂದಿದ್ದರಂತೆ. ಇನ್ನೊಬ್ಬಳ ಗಂಡನಿಗೆ ಆ ತಿಂಗಳು ಸಂಬಳ ತಡವಂತೆ. ಕ್ಷೌರಿಕ ತಾನೇ ಸಕ್ಕರೆ ತಿಂದು ಇರುವೆಯ ಮೇಲೆ ಹಾಕಿದ. ಸತ್ಯಕ್ಕೆ ಹೇಳಬೇಕೆಂದರೆ ಟಾರ್ಪಾಲಕ್ಕನ ಟ್ರಂಕಿನ ಬೇಳೆಯೂ ಅರ್ಧಕ್ಕೆ ಇಳಿದಿತ್ತು.

ಆಗ ಹುಟ್ಟಿತು ಓಣಿಯ ಕಾಯಿದೆ. ನಿಮ್ಮ ಟ್ರಂಕು ನಿಮ್ಮ ಮನೆಯಲ್ಲಿ ಇರಕೂಡದು. ಅದು ಎದುರುಮನೆಯವರ ಮಂಚದ ಕೆಳಗೆ, ಅವರದು ನಿಮ್ಮ ಮಂಚದ ಕೆಳಗೆ. ಬೀಗದ ಕೈ ಮಾತ್ರ ಟ್ರಂಕಿನ ಒಡೆಯರ ಬಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಟ್ರಂಕುಗಳು ತಮ್ಮ ತಮ್ಮ ಮನೆಗೆ ಹೋಗಿ, ಹಳೆಯದು ಖಾಲಿಯಾಗಿ ಹೊಸದು ತುಂಬಿ, ಮತ್ತೆ ದಾರಿ ದಾಟಿ ವಾಪಸಾಗಬೇಕು. ತನ್ನದನ್ನು ತಿನ್ನಲು ಮನುಷ್ಯನಿಗೆ ನೂರು ನೆಪ ಸಿಗುತ್ತವೆ, ಎದುರುಮನೆಗೆ ಹೋಗಿ ಟ್ರಂಕು ಎಳೆದು ತಿನ್ನಲು ಒಂದು ನೆಪವೂ ಸಿಗುವುದಿಲ್ಲ. ನಾಚಿಕೆ ಅಡ್ಡ ಬರುತ್ತದೆ. ಬೀಗಕ್ಕಿಂತ ನಾಚಿಕೆ ಗಟ್ಟಿ ಎಂದು ಅವಳು ಕಂಡುಕೊಂಡದ್ದು ಹೀಗೆ.

ಓಣಿಗೆಲ್ಲ ಬೇಕಾದ ಸಾಮಾನನ್ನೂ ಅವಳು ಒಂದೇ ಕಡೆ ಇಡಗೊಡಲಿಲ್ಲ. ಸೀಮೆಎಣ್ಣೆ ಒಂದು ತುದಿಯಲ್ಲಿ, ಅಕ್ಕಿಮೂಟೆ ಇನ್ನೊಂದು ತುದಿಯಲ್ಲಿ. ಔಷಧಿ ಪೆಟ್ಟಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ದಾದಿಯ ಕಪಾಟಿನಲ್ಲಿ. ಹಗ್ಗ, ಟಾರ್ಪಾಲು, ಗುದ್ದಲಿ ಕ್ಷೌರಿಕನ ಅಟ್ಟದಲ್ಲಿ. ಇಲಿ ಹೊಕ್ಕರೆ, ಬೆಂಕಿ ಬಿದ್ದರೆ, ಯಾರಾದರೂ ಬಂದು ಬೀಗ ಜಡಿದರೆ ಹೋಗುವುದು ಒಂದು ಪಾಲು ಮಾತ್ರ. ಇನ್ನೊಂದು ಕಾಯಿದೆಯೂ ಇತ್ತು. ಹೊಳೆಯ ನೀರು ಸೇತುವೆಯ ಕಂಬಕ್ಕೆ ಬಳಿದ ಕೆಂಪು ಪಟ್ಟಿ ಮುಟ್ಟಿತೆಂದರೆ ಬಸುರಿಯರು, ಕಾಯಿಲೆಯವರು, ದಿನವೂ ಸೂಜಿಮದ್ದು ಬೇಕಾದವರು ಅಂದೇ ಸೇತುವೆ ದಾಟಿ ನೆಂಟರ ಮನೆ ಸೇರಬೇಕು. ಹೊಳೆಯ ಜೊತೆ ಹಟ ಮಾಡುವ ಕೆಲಸ ಗಟ್ಟಿ ಇದ್ದವರದು.

ಗಿರಣಿ ಮಾಲೀಕರ ಕಚೇರಿಯವನಿಗೆ ಓಣಿ ಇಟ್ಟ ಹೆಸರು ಬೀಗದ ಸಾಹೇಬ. ಅವನ ಸ್ಕೂಟರಿನ ಹಿಡಿಗೆ ಬೀಗದ ಕೈಗಳ ದೊಡ್ಡ ಗೊಂಚಲು ನೇತಾಡುತ್ತಿತ್ತು, ಅವನು ಬರುವ ಮುಂಚೆ ಅದರ ಸದ್ದು ಬರುತ್ತಿತ್ತು. ಕೆಟ್ಟವನೇನಲ್ಲ, ಮಾಲೀಕರು ಕೊಟ್ಟ ಮಾತನ್ನು ಒಪ್ಪಿಸುವವನು. ದಿಬ್ಬವನ್ನು ಕೊಳ್ಳಲು ಯಾರೋ ಕಾದಿದ್ದರು. ಬಾಡಿಗೆ ತಪ್ಪದೆ ಕಟ್ಟುವವರನ್ನು ಸುಮ್ಮನೆ ಎಬ್ಬಿಸಲು ಬರುವುದಿಲ್ಲ. ಆದರೆ ಸೇತುವೆ ಮುಚ್ಚಿದಾಗ ಇಲ್ಲಿ ಜನ ಬದುಕಲಾರರು ಎಂದು ತೋರಿಸಿಬಿಟ್ಟರೆ ಕೆಲಸ ಸಲೀಸು. ಹಿಂದಿನ ಸಾಲುಗಳನ್ನು ಹಾಗೆಯೇ ತೋರಿಸಿದ್ದರು. ಪ್ರತಿ ಮಳೆಗಾಲಕ್ಕೆ ಮುಂಚೆ ಅವನು ಬಂದು, ಈ ವರ್ಷ ಕಷ್ಟವಿದೆ, ಈಗಲೇ ಬೇರೆ ಮನೆ ನೋಡಿಕೊಳ್ಳಿ ಎನ್ನುವನು. ಟಾರ್ಪಾಲಕ್ಕ ದಬ್ಬಳ ನಿಲ್ಲಿಸದೆ, ನೋಡಿದ್ದೇವೆ ಸಾಹೇಬರೇ, ಇದೇ ಚೆನ್ನಾಗಿದೆ ಎನ್ನುವಳು.

ಇಷ್ಟೆಲ್ಲ ಯೋಚಿಸಿದವಳು ಎಡವಿದ್ದು ಪಂಪಿನ ಮೇಲೆ.

ದಿಬ್ಬದ ನೆತ್ತಿಯಲ್ಲಿ ಗಿರಣಿ ಕಾಲದ ಒಂದು ಕೈಪಂಪು ಇತ್ತು. ಮೊಣಕಾಲೆತ್ತರದ ಎರಕದ ಕಬ್ಬಿಣದ ತಲೆ, ಬಾತುಕೋಳಿಯಂಥ ಮೂತಿ, ಉದ್ದ ಹಿಡಿ. ಕರೆಂಟಿನ ಮೋಟಾರು ಬಂದು ತೊಟ್ಟಿಯಿಂದ ನಲ್ಲಿಗೆ ನೀರು ಹರಿಯತೊಡಗಿದ ಮೇಲೆ ಅದನ್ನು ಕೇಳುವವರಿರಲಿಲ್ಲ. ಟಾರ್ಪಾಲಕ್ಕನಿಗೆ ಆ ಜಾಗದಲ್ಲಿ ಸೌದೆಗೊಂದು ಚಪ್ಪರ ಹಾಕಬೇಕಿತ್ತು. ಅವಳ ಮೈದುನ ಫಿಟ್ಟರು. ಪಂಪಿನ ತಲೆ ತಿರುಗಿಸಿ ಬಿಚ್ಚು, ಕೊಳವೆಗೆ ಮುಚ್ಚಳ ಹಾಕು, ಕಬ್ಬಿಣ ಗುಜರಿಯವನಿಗೆ ಕೊಟ್ಟುಬಿಡು ಎಂದು ಅವನಿಗೆ ಹೇಳಿದಳು.

ಅಡ್ಡ ಬಂದವಳು ಮೈದುನನ ಹೆಂಡತಿ, ಅವಳ ಓರಗಿತ್ತಿ. ಎದುರುಮನೆಯವಳು ಅವಳೇ. ಇಬ್ಬರ ಟ್ರಂಕುಗಳೂ ಪರಸ್ಪರರ ಮಂಚದ ಕೆಳಗಿದ್ದವು. ಓರಗಿತ್ತಿ ನಿಧಾನದ ಹೆಂಗಸು. ಅವಳು ಒಂದು ಮಾತು ಹೇಳುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತದೆ ಎಂದು ಅತ್ತೆ ಇದ್ದಾಗ ಅನ್ನುತ್ತಿದ್ದಳು. ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ ಅವಳು, "ಅಕ್ಕ, ಕರೆಂಟು ಹೋದ್ರೆ ಮೋಟಾರು ಓಡಲ್ಲ. ಆಗ ನೀರು?" ಎಂದು ಕೇಳಿದಳು.

"ಸುತ್ತ ಹೊಳೆ ಇಟ್ಕೊಂಡು ನೀರಿಗೆ ಅಳೋಳು ನೀನೊಬ್ಬಳೇ ಕಣೇ" ಎಂದಳು ಟಾರ್ಪಾಲಕ್ಕ.

ಎಲ್ಲರೂ ನಕ್ಕರು. ಅಲ್ಲಿಗೆ ಬಿಡಬಹುದಿತ್ತು. ಆದರೆ ನಗು ಸಿಕ್ಕಿದ ನಾಲಗೆ ಮತ್ತೊಂದಕ್ಕೆ ಹಾತೊರೆಯುತ್ತದೆ. ಸೊಸೆಯಾಗಿ ಬಂದ ಮೇಲೆ ನೀನು ಒಂದು ಕೆಲಸವನ್ನಾದರೂ ಹೊತ್ತಿಗೆ ಸರಿಯಾಗಿ ಮುಗಿಸಿದ್ದನ್ನು ನಾನು ನೋಡಿಲ್ಲ, ಈಗ ನನಗೆ ಬುದ್ಧಿ ಹೇಳುತ್ತೀಯಾ ಎಂದುಬಿಟ್ಟಳು. ಓರಗಿತ್ತಿ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳಬೇಕಾದದ್ದನ್ನು ಮೈದುನನಿಗೆ ಹೇಳುವರು, ಅವನಿಲ್ಲದಾಗ ದಾರಿಯಲ್ಲಿ ಮಲಗಿದ ನಾಯಿಗೆ ಹೇಳುವರು. "ಕೆಲವರ ಮನೆ ಹೊಗೆ ನಮ್ಮ ಒಣಬಟ್ಟೆಗೆ ಬರ್ತಿದೆ ನೋಡು" ಎಂದು ಒಬ್ಬಳು ನಾಯಿಗೆ ಹೇಳಿದರೆ, "ಕೆಲವರಿಗೆ ಗಾಳೀನೂ ಅವರ ಕಾಯಿದೆ ಪ್ರಕಾರ ಬೀಸಬೇಕು" ಎಂದು ಇನ್ನೊಬ್ಬಳು ಅದೇ ನಾಯಿಗೆ ಹೇಳುವಳು.

ಟ್ರಂಕು ಮಾತ್ರ ತಪ್ಪಲಿಲ್ಲ. ಮಳೆಗಾಲಕ್ಕೆ ಮುಂಚೆ ಮೈದುನ ಬಂದು ಹೆಂಡತಿಯ ಟ್ರಂಕು ಒಯ್ದ, ವಾಪಸ್ ತಂದಿಟ್ಟ. ತರುವಾಗ ಅವನ ಕತ್ತಿನ ನರ ಉಬ್ಬಿತ್ತು. ಮಂಚದ ಕೆಳಗೆ ನೂಕಲು ಹೋದ ಟಾರ್ಪಾಲಕ್ಕನಿಗೂ ಅದು ಅಲ್ಲಾಡಲಿಲ್ಲ. ಇವಳು ಕಾಳು ಉಳಿಸಲು ಇಟ್ಟಿಗೆ ತುಂಬಿದ್ದಾಳೆ ಎಂದು ಅವಳು ಗಂಡನ ಹತ್ತಿರ ಗೊಣಗಿದಳು. ತೆರೆಸಿ ನೋಡು ಎಂದ ಗಂಡ. ಎದುರುಮನೆಯವರ ಟ್ರಂಕು ತೆರೆಯುವ ಹಾಗಿಲ್ಲ ಎಂದು ಕಾಯಿದೆ ಮಾಡಿದವಳು ತಾನೇ, ಹಲ್ಲು ಕಚ್ಚಿಕೊಂಡು ಸುಮ್ಮನಾದಳು.

ಆ ವರ್ಷ ಹೊಳೆ ವಿಚಿತ್ರವಾಗಿ ಬಂತು. ಓಣಿಯ ಮೇಲೆ ಒಳ್ಳೆ ಬಿಸಿಲು, ಆಕಾಶದಲ್ಲಿ ಮೋಡದ ಚೂರಿಲ್ಲ, ಎಲ್ಲೋ ಮೇಲುಗಡೆ ಸುರಿದ ಮಳೆ ಇಲ್ಲಿ ಕೆಂಪಗೆ ಹರಿಯುತ್ತಿತ್ತು. ನೀರು ಕೆಂಪು ಪಟ್ಟಿ ಮುಟ್ಟಿತು. ಟಾರ್ಪಾಲಕ್ಕ ಮೊದಲು ಗಂಟು ಕಟ್ಟಿದ್ದು ಗಂಡನಿಗೆ. ಉಬ್ಬಸದವನು ಇಲ್ಲಿರಕೂಡದು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಿನ್ನ ಕಾಯಿದೆಯ ಮೊದಲನೇ ಏಟು ಯಾವಾಗಲೂ ನನಗೇ" ಎಂದ. ಸೇತುವೆಯ ತನಕ ಹೋಗಿ ಬಿಟ್ಟುಬಂದಳು. ಹಿಂದೆಯೇ ಸೇತುವೆಗೆ ಸರಪಳಿ ಹಾಕಿ ಮುಚ್ಚಿದರು.

ಮೊದಲೆರಡು ದಿನ ಓಣಿಗೆ ಒಂದು ಬಗೆಯ ಹುರುಪು. ಟ್ರಂಕುಗಳನ್ನು ಮುಂಬಾಗಿಲಿಗೆ ಎಳೆದು, ಒಡೆಯರು ಹೊತ್ತಿಗೆ ಎಷ್ಟು ಬೇಕೋ ಅಷ್ಟು ತೆಗೆದು, ಎಲ್ಲರ ಅಡುಗೆಯೂ ಒಂದೇ ಒಲೆಯ ಮೇಲೆ ಆಯಿತು. ಕ್ಷೌರಿಕ ಬಡಿಸುತ್ತ ತನ್ನ ಸಕ್ಕರೆಯನ್ನು ಇರುವೆ ಮುಟ್ಟಿಲ್ಲ ಎಂದು ಸಾರಿದ. ಓರಗಿತ್ತಿಯ ಟ್ರಂಕನ್ನು ಹೊರಕ್ಕೆ ಎಳೆಯಲಾಗಲಿಲ್ಲ. ಅವಳು ತನ್ನ ಪಾಲಿಗೆ ಮನೆಯ ಡಬ್ಬದ ಅಕ್ಕಿಯನ್ನೇ ತಂದು ಸುರಿದಳು. ಟಾರ್ಪಾಲಕ್ಕ ಅದನ್ನು ಗಮನಿಸಿದಳು, ನಾಯಿಗೂ ಏನೂ ಹೇಳಲಿಲ್ಲ.

ಆಮೇಲೆ ಆಚೆ ದಡದ ವಿದ್ಯುತ್ ಕಂಬ ಕುಸಿದು ಕರೆಂಟು ಹೋಯಿತು. ಮೋಟಾರು ನಿಂತಿತು. ತೊಟ್ಟಿಯಲ್ಲಿ ನೀರಿದೆಯಲ್ಲ ಎಂದು ನಲ್ಲಿ ತಿರುಗಿಸಿಕೊಂಡೇ ಇದ್ದರು. ತೊಟ್ಟಿಯ ತಳ ಕಂಡಾಗ ಟಾರ್ಪಾಲಕ್ಕ ಬಿಂದಿಗೆ, ಬಟ್ಟೆ, ಪಟಿಕ ಹಿಡಿದು ಹೊಳೆಗೆ ಇಳಿದಳು. ಕೆಂಪು ನೀರು ಅವಳ ಲೆಕ್ಕದಲ್ಲಿತ್ತು. ಅದನ್ನು ತಿಳಿಗೊಳಿಸಿ ಕುದಿಸಬಹುದು. ಆದರೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ತೇಲುತ್ತಿತ್ತು. ಮೇಲೆ ಯಾವುದೋ ಕಾರ್ಖಾನೆಯ ಗುಂಡಿ ಒಡೆದಿರಬೇಕು. ಬೆರಳು ಅದ್ದಿ ಮೂಸಿದಳು. ಎಷ್ಟು ಕುದಿಸಿದರೂ ಹೋಗುವ ವಾಸನೆಯಲ್ಲ. ಮಳೆ ಬಂದರೆ ಹಿಡಿಯಲೆಂದು ಓಣಿಯುದ್ದಕ್ಕೂ ಟಾರ್ಪಾಲು ಕಟ್ಟಿಸಿದ್ದಳು, ಅದರ ಮೇಲೆ ಕಾಗೆ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಮೇಲೆ ಬಿಸಿಲು, ಕೆಳಗೆ ನೆರೆ, ನಡುವೆ ಅಕ್ಕಿ ಇದ್ದು ಬೇಯಿಸಲು ನೀರಿಲ್ಲದ ಜನ.

ಮರುದಿನ ಬೆಳಿಗ್ಗೆ ಆಚೆ ದಡದಿಂದ ಧ್ವನಿವರ್ಧಕದಲ್ಲಿ ಬೀಗದ ಸಾಹೇಬನ ದನಿ ಕೇಳಿಸಿತು. ಮಧ್ಯಾಹ್ನ ದೋಣಿ ಬರುತ್ತದೆ, ಎಲ್ಲರೂ ಗಂಟು ಕಟ್ಟಿಕೊಂಡು ಸಿದ್ಧವಾಗಿರಿ ಎಂದು. ಅಮ್ಮನ ದಿಂಬಿನ ಕೆಳಗಿನ ಬೀಗದ ಕೈ ಟಾರ್ಪಾಲಕ್ಕನ ಕಣ್ಣಿಗೆ ಕಟ್ಟಿತು. ಓಣಿಯಲ್ಲಿ ಒಂದಿಬ್ಬರು ಆಗಲೇ ಗಂಟು ಬಿಗಿಯುತ್ತಿದ್ದರು. ಮಕ್ಕಳಿಗೆಂದು ತೆಗೆದಿಟ್ಟ ಒಂದು ಕೊಡ ನೀರು ಬಿಟ್ಟರೆ ಓಣಿಯಲ್ಲಿ ಹನಿ ಇರಲಿಲ್ಲ. ಬಾಯಾರಿದಾಗ ಬಾವಿ ತೋಡಿದರು ಎನ್ನುತ್ತಾರೆ. ಅವಳು ಬಾಯಾರುವ ಮುಂಚೆಯೇ ಬಾವಿ ಮುಚ್ಚಿಸಿದ್ದಳು.

ಮೈದುನನನ್ನು ಕರೆದು, ಪಂಪಿನ ತಲೆ ಯಾವ ಗುಜರಿಯವನಿಗೆ ಕೊಟ್ಟೆ ಎಂದು ಕೇಳಿದಳು. ಅವನು ನೆಲ ನೋಡಿದ.

"ನಾನು ಕೊಡಲಿಲ್ಲ ಅತ್ತಿಗೆ. ಅವಳು ಕೊಡೋಕೆ ಬಿಡಲಿಲ್ಲ. ಎಲ್ಲಿಟ್ಟಿದ್ದಾಳೆ ಅಂತ ನೀವೇ ಕೇಳಿ. ನಾನು ಬಾಯಿ ಬಿಟ್ರೆ ನನಗೆ ಊಟ ಇರಲ್ಲ."

ಎದುರುಮನೆಗೆ ಇದ್ದದ್ದು ನಾಲ್ಕು ಹೆಜ್ಜೆ. ಓಣಿಯೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿತ್ತು, ನಾಯಿ ಕೂಡ ತಲೆ ಎತ್ತಿತ್ತು. ಟಾರ್ಪಾಲಕ್ಕ ಹೊಸ್ತಿಲ ಹೊರಗೆ ನಿಂತಳು. ಓರಗಿತ್ತಿ ಒಳಗೆ ಒಣ ಪಾತ್ರೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ.

"ನೀರಿಲ್ಲ" ಎಂದಳು ಟಾರ್ಪಾಲಕ್ಕ.

"ಸುತ್ತ ಹೊಳೆ ಇದೆಯಲ್ಲ ಅಕ್ಕ."

ಈ ಮಾತು ಬರುತ್ತದೆಂದು ಗೊತ್ತಿದ್ದೇ ಬಂದಿದ್ದಳು. ಆದರೂ ಕಿವಿ ಬಿಸಿಯಾಯಿತು. ತಿರುಗಿ ಹೋಗಬೇಕೆಂದು ಕಾಲು ಎಳೆಯಿತು. ಅಷ್ಟರಲ್ಲಿ ಆಚೆ ದಡದಲ್ಲಿ ದೋಣಿಯ ಯಂತ್ರ ಚಾಲೂ ಮಾಡುತ್ತಿರುವ ಸದ್ದು ಬಂತು, ಕೆಮ್ಮಿದಂತೆ, ಒಮ್ಮೆ, ಇನ್ನೊಮ್ಮೆ.

"ಅಂದಿದ್ದೆ. ನೀನು ಕೇಳಿದ್ದೇ ಸರಿ, ನಾನು ಅಂದಿದ್ದು ತಪ್ಪು. ಹಲ್ಲು ಕಿತ್ತ ಹಾಗೆ ಹೇಳ್ತಿದ್ದೀನಿ, ಎರಡನೇ ಸಲ ಹೇಳಿಸಬೇಡ. ಅವನು ಬಂದ್ರೆ ನನ್ನ ಬಾಗಿಲಿಗೊಂದು ಬೀಗ, ನಿನ್ನ ಬಾಗಿಲಿಗೊಂದು ಬೀಗ. ಆಮೇಲೆ ಜಗಳ ಆಡೋಕೂ ನಮಗೆ ಎದುರುಮನೆ ಇರಲ್ಲ. ಪಂಪು ಎಲ್ಲಿ?"

ಓರಗಿತ್ತಿ ಪಾತ್ರೆಯನ್ನು ಒರೆಸಿ ಮುಗಿಸಿದಳು. ಬೋರಲು ಹಾಕಿದಳು. ಅವಳ ನಿಧಾನ ಅಂದು ಕೂಡ ತಪ್ಪಲಿಲ್ಲ. ಆಮೇಲೆ ಕೊರಳಿನ ದಾರದಿಂದ ಒಂದು ಸಣ್ಣ ಬೀಗದ ಕೈ ಬಿಚ್ಚಿ ಮುಂದೆ ಹಿಡಿದಳು.

"ನಿನ್ನ ಮಂಚದ ಕೆಳಗೆ."

ಟಾರ್ಪಾಲಕ್ಕ ತಿರುಗಿ ತನ್ನ ಮನೆಯ ಬಾಗಿಲ ಕಡೆ ನೋಡಿದಳು.

"ಯಾರ ವಸ್ತು ಅವರ ಮನೇಲಿ ಇರಬಾರದು ಅಂತ ಕಾಯಿದೆ ನೀನೇ ಮಾಡಿದ್ದು. ನಾನು ಉಳಿಸಿಕೊಂಡಿದ್ದು, ನಿನ್ನ ಹತ್ತಿರ ಇಟ್ಟೆ. ನಿನ್ನಷ್ಟು ಗಟ್ಟಿಯಾಗಿ ಕಾಯೋರು ಇನ್ಯಾರಿದ್ದಾರೆ?"

ಟ್ರಂಕಿನ ಮುಚ್ಚಳ ತೆರೆದಾಗ ಎಣ್ಣೆಬಟ್ಟೆ ಸುತ್ತಿದ ಪಂಪಿನ ತಲೆ, ಮಗುವಿನ ಹಾಗೆ, ಅಕ್ಕಿಯ ಮೇಲೆ ಮಲಗಿತ್ತು. ಹಿಡಿಯನ್ನು ಬಿಚ್ಚಿ ಪಕ್ಕದಲ್ಲಿಟ್ಟಿದ್ದಳು. ಬಾಗಿಲಲ್ಲಿ ಇಣುಕುತ್ತಿದ್ದ ಕ್ಷೌರಿಕ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದ. ಟಾರ್ಪಾಲಕ್ಕ ಅವನಿಗೆ ಹೊರುವ ಕೆಲಸ ಹಚ್ಚಿದಳು.

ಸೌದೆ ಚಪ್ಪರವನ್ನು ಕಿತ್ತೆಸೆದು, ಕೊಳವೆಯ ಮುಚ್ಚಳ ತೆಗೆದು, ಮೈದುನ ತಲೆಯನ್ನು ತಿರುಗಿಸಿ ಕೂರಿಸಿದ. ಕೂರಿಸಿದ ಮೇಲೆ ಒಳಗೆ ಬೆರಳು ಹಾಕಿ ನೋಡಿ, ನಿಟ್ಟುಸಿರು ಬಿಟ್ಟ. ಒಳಗೆ ನೀರನ್ನು ಹಿಡಿದೆತ್ತುವ ತೊಗಲಿನ ಬಿಲ್ಲೆ ಒಣಗಿ ಹಪ್ಪಳವಾಗಿತ್ತು, ಮುಟ್ಟಿದರೆ ಪುಡಿ. ರಬ್ಬರು ಆಗದೇ, ಚಪ್ಪಲಿ ಕತ್ತರಿಸಿದರೆ ಹೇಗೆ ಎಂದು ಆಳಿಗೊಂದು ಮಾತು. ಚಪ್ಪಲಿ ತೊಗಲು ತೀರ ದಪ್ಪ ಎಂದ ಮೈದುನ. ಹದವಾದ ತೊಗಲು ಬೇಕು, ವರ್ಷಗಟ್ಟಲೆ ಬಳಸಿ ಮೆತ್ತಗಾದದ್ದು.

ಟಾರ್ಪಾಲಕ್ಕ ಬಲಗೈಯ ಪಟ್ಟಿ ಬಿಚ್ಚಿದಳು. ತಗಡಿನ ಬಿಲ್ಲೆಯನ್ನು ಕೆಲಸದ ಚಾಕುವಿನಿಂದ ಎಬ್ಬಿಸಿ ಸೆರಗಿಗೆ ಕಟ್ಟಿಕೊಂಡಳು. ಪಂಪಿನ ಒಣ ಬಿಲ್ಲೆಯ ಚೂರನ್ನು ಅಳತೆಗಿಟ್ಟು, ಬೆವರಿನಿಂದ ಕಪ್ಪಾದ ಆ ಪಟ್ಟಿಯನ್ನು ದುಂಡಗೆ ಕತ್ತರಿಸಿದಳು. ಬರಿ ಅಂಗೈ ಬೆಳ್ಳಗೆ, ಬೇರೆ ಯಾರದೋ ಕೈ ಎಂಬಂತೆ ಕಂಡಿತು. ಮೈದುನ ಅದನ್ನು ಎಣ್ಣೆಯಲ್ಲಿ ತೋಯಿಸಿ ಒಳಗೆ ಕೂರಿಸಿದ.

ಆದರೆ ಒಣ ಪಂಪು ತಾನಾಗಿ ನೀರೆತ್ತುವುದಿಲ್ಲ. ಮೊದಲು ಅದರ ಗಂಟಲಿಗೆ ನೀರು ಹುಯ್ಯಬೇಕು. ಓಣಿಯಲ್ಲಿದ್ದದ್ದು ಒಂದೇ ಕೊಡ.

ಗಂಟು ಕಟ್ಟಿದ್ದ ತಾಯಿಯೊಬ್ಬಳು, ಅದು ಮಕ್ಕಳ ನೀರು, ಕಬ್ಬಿಣಕ್ಕೆ ಕುಡಿಸಬೇಡಿ ಎಂದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಟಾರ್ಪಾಲಕ್ಕನ ಕೈಯೂ ಕೊಡದ ಕಡೆ ಹೋಗಲಿಲ್ಲ. ಕೂಡಿಡುವುದನ್ನು ಕಲಿತ ಕೈ ಅದು, ಕಡೆಯದನ್ನು ಚೆಲ್ಲುವುದನ್ನು ಕಲಿತಿರಲಿಲ್ಲ. ಓರಗಿತ್ತಿ ಬಂದು ಕೊಡವನ್ನು ಸೊಂಟಕ್ಕೆ ಎತ್ತಿಕೊಂಡಳು.

"ಇಟ್ಕೊಂಡ್ರೆ ಸಂಜೆಗೆ ಮುಗಿಯುತ್ತೆ, ಆಮೇಲೆ ದೋಣಿ ಹತ್ತಲೇಬೇಕು. ಹಿಡಿ ಒತ್ತು ಅಕ್ಕ."

ಓರಗಿತ್ತಿ ಹುಯ್ದಳು, ಟಾರ್ಪಾಲಕ್ಕ ಒತ್ತಿದಳು. ಪಂಪು ಮುದುಕನ ಹಾಗೆ ಗೊರಗುಟ್ಟಿತು, ಹುಯ್ದ ನೀರನ್ನು ನುಂಗಿ ಸುಮ್ಮನಾಯಿತು. ಮತ್ತೆ ಹುಯ್ದಳು. ಮತ್ತೆ ನುಂಗಿತು. ಕೊಡ ಅರ್ಧವಾಯಿತು. ಮೈದುನ, ತೊಗಲು ನೀರು ಕುಡಿದು ಉಬ್ಬಲಿ, ಸ್ವಲ್ಪ ತಾಳಿ ಎಂದ. ದೋಣಿಯ ಸದ್ದು ಹತ್ತಿರವಾಗುತ್ತಿತ್ತು. ತಾಳುವುದು ಟಾರ್ಪಾಲಕ್ಕನಿಗೆ ಹುಟ್ಟಿನಿಂದ ಬಂದದ್ದಲ್ಲ, ಹಿಡಿಯ ಮೇಲೆ ಅವಳ ಬೆರಳು ಕುಣಿಯುತ್ತಿತ್ತು. ಓರಗಿತ್ತಿ ಮಾತ್ರ, ಒಲೆಯ ಮೇಲೆ ಹಾಲಿಟ್ಟು ಕೂತವಳ ಹಾಗೆ, ಪಂಪಿನ ಮೂತಿ ನೋಡುತ್ತ ನಿಂತಿದ್ದಳು. ಇಷ್ಟು ವರ್ಷ ಎಲ್ಲರೂ ಆಡಿಕೊಂಡ ಆ ನಿಧಾನವನ್ನು ಅಂದು ಓಣಿಯೆಲ್ಲ ಬಾಯಿ ಮುಚ್ಚಿಕೊಂಡು ಕಾದಿತು. ಕಡೆಗೆ ಅವಳು, "ಈಗ" ಎಂದು ಉಳಿದದ್ದನ್ನು ಒಂದೇ ಧಾರೆಯಲ್ಲಿ ಹುಯ್ದು ಕೊಡ ಬೋರಲು ಮಾಡಿದಳು.

ಟಾರ್ಪಾಲಕ್ಕ ಮೈಯೆಲ್ಲ ಹಾಕಿ ಒತ್ತಿದಳು. ಮೊದಲು ಬರಿ ಗಾಳಿ. ಆಮೇಲೆ ಹಿಡಿ ಭಾರವಾಯಿತು. ಕೆಳಗೆ ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಭಾರ. ಬಾತುಕೋಳಿ ಮೂತಿಯಿಂದ ತುಕ್ಕಿನ ಕೆಂಪು ಉಗುಳಿತು, ಕಪ್ಪು ಉಗುಳಿತು, ಆಮೇಲೆ ನೀರು ಬಂತು. ತಣ್ಣಗಿನ, ತಿಳಿಯಾದ ನೀರು. ಎಣ್ಣೆಯಿಲ್ಲ, ವಾಸನೆಯಿಲ್ಲ. ಮಕ್ಕಳ ನೀರೆಂದು ತಡೆದಿದ್ದ ತಾಯಿ ಗಂಟು ಬಿಚ್ಚಿ, ಅದರೊಳಗಿನ ಪಾತ್ರೆಯನ್ನು ತಂದು ಮೂತಿಯ ಕೆಳಗೆ ಇಟ್ಟಳು.

ದೋಣಿ ಸೆಳವಿಗೆ ಸಿಕ್ಕಿ ಕೆಳಕ್ಕೆ ಜಾರಿ, ಮತ್ತೆ ಮೇಲಕ್ಕೆ ಬಂದು ದಡ ಹಿಡಿದು, ಬೀಗದ ಸಾಹೇಬ ದಿಬ್ಬ ಹತ್ತಿ ಬರುವಷ್ಟರಲ್ಲಿ ಒಲೆಯ ಮೇಲೆ ನೀರು ಕುದಿದು ಆರಿ, ಅಕ್ಕಿ ಬೇಯುತ್ತಿತ್ತು. ಅವನ ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ನೀರಿನ ಕ್ಯಾನುಗಳು, ಇನ್ನೊಬ್ಬನ ಕೈಯಲ್ಲಿ ಹೊಸ ಬೀಗಗಳ ಚೀಲ. ಎರಡನ್ನೂ ಒಟ್ಟಿಗೆ ತಂದದ್ದಕ್ಕೆ ಅವನಿಗೂ ಸ್ವಲ್ಪ ಸಂಕೋಚವಾದಂತಿತ್ತು. ದೋಣಿ ಹತ್ತುವವರಿಗೆ ನೀರು ಇದೆ, ಬೇಗ ಹೊರಡಿ, ಇನ್ನೆಷ್ಟು ದಿನ ಹೊಳೆ ಇಳಿಯುವುದಿಲ್ಲವೋ ಹೇಳಬರುವುದಿಲ್ಲ ಎಂದ. ಯಾರೂ ಏಳಲಿಲ್ಲ. ಟಾರ್ಪಾಲಕ್ಕ ಕುದಿಸಿ ಆರಿಸಿದ ನೀರನ್ನು ಒಂದು ಲೋಟ ತುಂಬಿ, ಬರಿ ಅಂಗೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ದಿಬ್ಬ ಹತ್ತಿ ಬಂದಿದ್ದೀರಿ. ಕುಡೀರಿ."

ಅವನು ಲೋಟವನ್ನು ನೋಡಿದ, ಪಂಪನ್ನು ನೋಡಿದ. ಬಾಯಾರಿತ್ತು, ಕುಡಿದ. ಲೋಟ ಕೊಡುತ್ತ, ಹೀಗೆ ಎಷ್ಟು ದಿನ ಇರುತ್ತೀರಿ ಎಂದು ಕೇಳಿದ. ಅದರಲ್ಲಿ ಬೆದರಿಕೆ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯೇ ಇತ್ತು.

"ನೀವು ಎಷ್ಟು ದಿನ ಬರ್ತಾ ಇರ್ತೀರೋ ಅಷ್ಟು ದಿನ" ಎಂದಳು ಟಾರ್ಪಾಲಕ್ಕ.

ಹೋಗುವವರನ್ನು ತಡೆದು ಓರಗಿತ್ತಿ, ಕ್ಯಾನು ಯಾಕೆ ವಾಪಸ್ ಹೊರುತ್ತೀರಿ, ದೋಣಿಗೆ ಭಾರ, ಇಲ್ಲೇ ಬಿಟ್ಟು ಹೋಗಿ ಎಂದಳು. ಬಿಟ್ಟು ಹೋದರು. ಬೀಗದ ಚೀಲ ಮಾತ್ರ ಬಂದ ಹಾಗೆಯೇ ದೋಣಿ ಹತ್ತಿತು.

ಹೊಳೆ ತನ್ನ ಹೊತ್ತಿಗೆ ಇಳಿಯಿತು. ಸರಪಳಿ ತೆಗೆದ ದಿನ ಮೊದಲು ಸೇತುವೆ ದಾಟಿ ಬಂದವನು ಟಾರ್ಪಾಲಕ್ಕನ ಗಂಡ. ಮನೆಯ ಬಾಗಿಲು ತೆರೆದಿತ್ತು. ಹೆಂಡತಿ ಬಲಗೈಗೆ ಹಳೇ ಬಟ್ಟೆ ಸುತ್ತಿಕೊಂಡು ಟಾರ್ಪಾಲು ಹೊಲಿಯುತ್ತಿದ್ದಳು. ಪಟ್ಟಿ ಎಲ್ಲಿ ಎಂದು ಕೇಳಿದ. ಎದುರುಮನೆಯ ಜಗುಲಿಯಿಂದ ಓರಗಿತ್ತಿ, "ಪಂಪಿನ ಗಂಟಲಲ್ಲಿದೆ ಭಾವ, ಬೇಕಾದ್ರೆ ಕೈ ಹಾಕಿ ತಗೊಳ್ಳಿ" ಎಂದಳು. ಅವಳು ಹೇಳಿದ್ದು ನಾಯಿಗಲ್ಲ, ನೇರವಾಗಿ ಅವನಿಗೆ.

ಮಾಲೀಕರ ಕಚೇರಿಯಿಂದ ಮುಂದಿನ ಮಳೆಗಾಲಕ್ಕೆ ಮುಂಚೆಯೂ ಸಾಹೇಬ ಬಂದ. ಬೇರೆ ಮನೆ ನೋಡಿಕೊಳ್ಳಿ ಎಂದು ಹೇಳುವುದು ಅವನ ಕೆಲಸ, ಹೇಳಿದ. ಇದೇ ಚೆನ್ನಾಗಿದೆ ಎನ್ನುವುದು ಅವಳ ಕೆಲಸ, ಅಂದಳು. ಅವನು ಹೋಗುವಾಗ ಪಂಪಿನ ಬಳಿ ಸ್ಕೂಟರು ನಿಲ್ಲಿಸಿ ಒಂದು ಬೊಗಸೆ ನೀರು ಕುಡಿದು ಹೋದ.

ಅದೇ ವಾರ ಟ್ರಂಕುಗಳು ದಾರಿ ದಾಟಿದವು. ಮೈದುನ ಹೆಂಡತಿಯ ಟ್ರಂಕು ಹೊತ್ತು ತಂದ. ಪಂಪು ಈಗ ತನ್ನ ಜಾಗದಲ್ಲೇ ಇತ್ತು, ಆದರೂ ಅವನ ಕತ್ತಿನ ನರ ಉಬ್ಬಿತ್ತು. ಟಾರ್ಪಾಲಕ್ಕ ಕಾಲು ಕೊಟ್ಟು ನೂಕಿ ನೋಡಿದಳು, ಅಲ್ಲಾಡಲಿಲ್ಲ. ಈ ಸಲ ಇನ್ನೇನು ಉಳಿಸಿಟ್ಟಿದ್ದಾಳೋ. ಅವಳು ಕೇಳಲಿಲ್ಲ. ಗಂಡನನ್ನು ಕರೆದು, ಇಬ್ಬರೂ ಸೇರಿ ಅದನ್ನು ಮಂಚದ ಕೆಳಗೆ, ಗೋಡೆಯ ತನಕ ನೂಕಿದರು.